ಮೊಳದ ಲೆಕ್ಕ

ಮುಂಗಡ ಕೊಟ್ಟ ದಿನ ಅಂಗಡಿಯ ಗಾಜಿನ ಮೇಜಿಗೆ
ಮೊಣಕೈ ಊರಿ ತೋರಿಸಿದ್ದೆ:
ಇದು ಮೊಳ, ಹರ್ಷದ್‌ಭಾಯಿ,
ಇಲ್ಲಿಂದ ನಡುಬೆರಳ ತುದಿಯವರೆಗೆ.
ಅವನು ಟೇಪು ಹಿಡಿದು ನಕ್ಕ. ಹದಿನೇಳು ಇಂಚು, ಬೆಹನ್,
ಎನ್ನುತ್ತ ರಸೀದಿಯಲ್ಲಿ ಬರೆದ:
ಮಲ್ಲಿಗೆ, ತಾಜಾ, ಮುನ್ನೂರು ಮೊಳ.
ತಾಜಾ ಎಂಬುದಕ್ಕೆ ಅಡಿಗೆರೆ ಎಳೆಸಿದವಳು ನಾನೇ.

ಲೆಸ್ಟರಿನ ಫೆಬ್ರವರಿ. ಇನ್ನೂ ಕತ್ತಲು.
ಹಾಲಿನ ದೀಪ ಹಾಕಿದರೆ ಮಂಟಪದ ನಾಲ್ಕು ಕಂಬಕ್ಕೂ
ಬೆಳ್ಳಗೆ ಇಳಿಬಿದ್ದಿದೆ. ಬಾಗಿಲಲ್ಲೇ ಎದೆ ತುಂಬಿತು.
ಹತ್ತಿರ ಹೋಗಿ ಮೂಗು ತಾಗಿಸಿದೆ.
ಹೊಸ ರೇನ್‌ಕೋಟಿನ ವಾಸನೆ.

ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಗುತ್ತದಂತೆ.
ಇಲ್ಲಿ ನಾರೊಂದೇ ಬಂದು ನಿಂತಿತ್ತು
ಸಿಂಗರಿಸಿಕೊಂಡು.
ಹನ್ನೊಂದು ಸಲ ಫೋನು ಮಾಡಿದೆ. ಎತ್ತಲಿಲ್ಲ.

ಬಿಡಮ್ಮ, ಎಂದಳು ಮೇದಿನಿ, ಫೋಟೊದಲ್ಲಿ ವಾಸನೆ ಬರಲ್ಲ.
ಬೀಗರು ನಾರ್ವಿಚ್‌ನವರು. ಅವರ ಅಜ್ಜಿಯೊಬ್ಬಳು
ಕೋಲೂರಿ ಬಂದು, ಎಸಳು ಮುಟ್ಟಿ,
ನಿಮ್ಮೂರಿನ ಹೂವೇ? ಎಷ್ಟು ಚೆಂದ! ಎಂದಾಗ
ಹೌದು ಎಂದೆ.
ಆ ಹೌದನ್ನೂ ಸೇರಿಸಿ ದಾವೆ ಹೂಡಿದೆ.

ಒಂಬೈನೂರ ಐವತ್ತು ಪೌಂಡು, ಫೀಸು ಬೇರೆ.
ಆರು ತಿಂಗಳ ಮೇಲೆ ಕೋರ್ಟಿನ ಕಡೆಯಿಂದ ಕರೆ,
ಫೋನಿನಲ್ಲೇ ರಾಜಿ, ಒಂದು ಗಂಟೆ.
ಗ್ವೆನ್ ಎಂಬಾಕೆ ನನ್ನ ಮಾತು ಹೊತ್ತು ಅವನ ಕಿವಿಗೆ
ಅವನ ಮಾತು ಹೊತ್ತು ನನ್ನ ಕಿವಿಗೆ.
ನಡುವೆ ಬರಿದಾದ ಲೈನು.
ಶಾಲೆಯ ಅಡುಗೆಮನೆಯ ಹಿಂದೆ, ಏಪ್ರನ್ನಿನಲ್ಲೇ ಕೂತು ಕಾದೆ,
ಕೈಯಲ್ಲಿನ್ನೂ ಆಲೂಗಡ್ಡೆಯ ಹಬೆ.

ಮುನ್ನೂರು ಅನ್ನುತ್ತಾನೆ, ಎಂದಳು.
ಆಗದು ಎಂದೆ.
ಹೂವು ವಿಮಾನದಲ್ಲಿ ಬಂದಿತ್ತಂತೆ, ತಪಾಸಣೆಯಲ್ಲಿ
ಯಾವುದೋ ಹುಳ ಸಿಕ್ಕಿ ಪೆಟ್ಟಿಗೆ ಪೆಟ್ಟಿಗೆಯೇ ಸುಟ್ಟರಂತೆ,
ಬುಧವಾರ.
ಮದುವೆ ಶನಿವಾರ.
ಬುಧವಾರವೇ ಗೊತ್ತಿತ್ತಾ? ಕೇಳಿಕೊಂಡು ಬನ್ನಿ.
ಹೋದಳು. ಬಹಳ ಹೊತ್ತು.
ಗೊತ್ತಿತ್ತಂತೆ.

ಗುರುವಾರ ಹೇಳಿದ್ದರೂ ಸಾಕಿತ್ತು.
ಬಿಳಿ ಸೇವಂತಿಗೆಯೋ, ಸೂಪರ್‌ಮಾರ್ಕೆಟ್ಟಿನ ಗುಲಾಬಿಯೋ,
ರಾತ್ರಿಯಿಡೀ ನಾನೇ ಕಟ್ಟುತ್ತಿದ್ದೆ,
ಈ ಬೆರಳಿಗೆ ಕಟ್ಟಲು ಬಾರದೇ?
ನಾನು ಹುಳದ ಮೇಲೆ ದಾವೆ ಹಾಕಿಲ್ಲ, ಗ್ವೆನ್.
ಎತ್ತದ ಫೋನಿನ ಮೇಲೆ.
ಅದನ್ನೂ ಹೊತ್ತು ಹೋದಳು. ಏನಂದನೋ, ಹೇಳಲಿಲ್ಲ.

ಐನೂರ ಎಪ್ಪತ್ತಕ್ಕೆ ಮುಗಿಯಿತು.
ಅವನದೊಂದು ಷರತ್ತು: ಪ್ಲಾಸ್ಟಿಕ್ಕಿನ ಸರ ವಾಪಸು ಕೊಡಬೇಕು.
ಸಾಕ್ಷಿಗೆಂದು ಕಿತ್ತು ತಂದು ಶೆಡ್ಡಿನಲ್ಲಿಟ್ಟಿದ್ದೆ,
ಹಾಗೇ ಇದ್ದವು
ಬಾಡದೆ, ನಾಚದೆ.

ಭಾನುವಾರ ನಾಲ್ಕು ಕರಿ ಚೀಲ ಹೊತ್ತು ಹೋದೆ.
ಅವನು ಮುಖ ನೋಡಲಿಲ್ಲ. ಟೇಪು ಹುಡುಕಿದ, ಸಿಗಲಿಲ್ಲ.
ಮೇಜಿಗೆ ತನ್ನ ಮೊಣಕೈ ಊರಿದ.
ನಿಮ್ಮದು ಉದ್ದ, ಎಂದೆ. ರಸೀದಿ ನನ್ನ ಕೈಯದು.
ಸರದ ಒಂದು ತುದಿ ಅವನು ಹಿಡಿದ. ನಾನು ಅಳೆದೆ.
ಎಂಬತ್ತೋ ಎಂಬತ್ತೊಂದೋ ಆದಾಗ
ಫೋನು ಎತ್ತಬೇಕಿತ್ತು, ಬೆಹನ್, ಎಂದ.
ಎಣಿಕೆ ತಪ್ಪಿತು. ಮತ್ತೆ ಮೊದಲಿನಿಂದ.

ಇನ್ನೂರ ತೊಂಬತ್ತೊಂಬತ್ತು.
ಒಂದು ಕಡಿಮೆ, ಎಂದ.
ಕಡಿಮೆಯೇ, ಎಂದೆ. ಮುರಿದುಕೊಳ್ಳಿ.

ಅವತ್ತು ಮುಹೂರ್ತಕ್ಕೆ ಮುಂಚೆ,
ಬೋಳು ತುರುಬಿಗೆ ನಾಚಿ
ಕಂಬದಿಂದ ಒಂದು ಮೊಳ ಕತ್ತರಿಸಿ ಮುಡಿದಿದ್ದೆ.
ಅದೆಲ್ಲಿದೆ ಎಂದು ಅವನು ಕೇಳಲಿಲ್ಲ,
ನಾನು ಹೇಳಲಿಲ್ಲ.