ಮುಕ್ಕಾಲಿ

ಸಭೆಯ ದಾಖಲೆ ಪುಸ್ತಕದಲ್ಲಿ ನನ್ನ ಅಕ್ಷರ
ಇಪ್ಪತ್ತಾರು ವರ್ಷದ್ದು.
ಸೋರಿದ ಮಾಡು, ಕಲ್ಲಿದ್ದಲ ಲೆಕ್ಕ, ಸತ್ತವರ ಹೆಸರು
ಎಲ್ಲವನ್ನೂ ಒಂದೇ ಮಸಿಯಲ್ಲಿ ಬರೆದಿದ್ದೇನೆ.
ಜನವರಿಯ ಆ ಗುರುವಾರದ ಪುಟ ಮಾತ್ರ
ಇನ್ನೂ ನನ್ನನ್ನು ದಿಟ್ಟಿಸುತ್ತದೆ.

ನಮ್ಮದು ಸ್ಕಾಟ್ಲೆಂಡಿನ ಅಂಚಿನ ದ್ವೀಪ.
ಮರಗಳಿಲ್ಲ, ಗಾಳಿಗೆ ಮರೆಯಿಲ್ಲ,
ಗುಟ್ಟಿಗೂ ಇಲ್ಲ.
ಫಿನ್ಲೆ, ಸ್ಟ್ರೂವನ್ ಮೇಷ್ಟರ ಜೊತೆ ಒಂದೇ ಮನೆಯಲ್ಲಿರುವುದು
ಹನ್ನೊಂದು ವರ್ಷದಿಂದ ಎಲ್ಲರಿಗೂ ಗೊತ್ತು.
ಒಂದೇ ಹಗ್ಗದ ಮೇಲೆ ಇಬ್ಬರ ಅಂಗಿಗಳು ಉಪ್ಪುಗಾಳಿಗೆ
ತೋಳಿಗೆ ತೋಳು ಸುತ್ತಿಕೊಂಡು ಒಣಗುವುದನ್ನು
ನೋಡಿಯೂ ನೋಡದಂತೆ ನಡೆದವರೇ ಎಲ್ಲ.
ಗೊತ್ತಿರುವುದು ಬೇರೆ,
ಕಾಗದದ ಮೇಲೆ ಗುರುತು ಹಾಕುವುದು ಬೇರೆ.

ಅವನನ್ನು ಹಿರಿಯನನ್ನಾಗಿ ಮಾಡೋಣ ಎಂದವಳು ಮುರ್ಡೀನಾ.
ಅವಳ ಗಂಡ ಸಾಯುವ ಚಳಿಗಾಲದಲ್ಲಿ
ರಾತ್ರಿ ಪಾಳಿ ಕೂತವನು ಅವನೇ,
ಹೊಲಸು ಬಟ್ಟೆ ಒಗೆದವನೂ.
"ಇದಕ್ಕಿಂತ ಯೋಗ್ಯತೆ
ಯಾವ ಅಪೊಸ್ತಲ ಯಾವ ಪತ್ರಿಕೆಯಲ್ಲಿ ಕೇಳಿದ್ದಾನೆ?"
ಎರಡು ಮದುವೆ ಮುರಿದುಕೊಂಡ ನಮ್ಮ ಹಿರಿಯರೊಬ್ಬರು
ಮುಂದಿನ ಬೆಂಚಲ್ಲಿ ಬೂಟಿನ ಲಾಡಿ ನೋಡಿಕೊಂಡರು.

ಟಾರ್ಮೊಡ್ ಎದ್ದ, ಟೊಪ್ಪಿಗೆ ಹಿಂಡುತ್ತಾ.
ಅವನ ದೋಣಿ ಮಗುಚಿದ ದಿನ
ಕೊರಳಪಟ್ಟಿ ಹಿಡಿದು ಎಳೆದು ಹಾಕಿದ್ದು ಫಿನ್ಲೆಯ ಕೈ.
"ಆ ಕೈ ಇಲ್ಲದಿದ್ದರೆ ನಾನು ಏಡಿಗಳ ಪಾಲು.
ಆದರೆ ಕರ್ತನ ರೊಟ್ಟಿ ಹಂಚುವ ಕೈಗೆ
ಬೇರೆ ಅಳತೆ ಇದೆ. ಅಳತೆಗೋಲು ನನ್ನದಲ್ಲ.
ನನ್ನದಾಗಿದ್ದರೆ ಎಂದೋ ಮುರಿದು ಒಲೆಗೆ ಹಾಕುತ್ತಿದ್ದೆ."
ಅಂದು ಕೂತ.
ಅತ್ತನೋ, ಬರೀ ನೆಗಡಿಯೋ,
ದಾಖಲೆಯಲ್ಲಿ ಅದಕ್ಕೆ ಕಾಲಮ್ಮಿಲ್ಲ.

ಆ ಕೋಣೆಯ ಮೂಲೆಯಲ್ಲೊಂದು ಮುಕ್ಕಾಲಿ.
ಹಿಂದೆ ಜಾರಿದವರನ್ನು ಅದರ ಮೇಲೆ ಕೂರಿಸುತ್ತಿದ್ದರಂತೆ,
ಸಭೆಗೆ ಮುಖ ಮಾಡಿಸಿ.
ನನ್ನ ಮುತ್ತಜ್ಜಿಯ ತಾಯಿ ಮಾರ್ಸಲಿ
ಮೂರು ಭಾನುವಾರ ಕೂತಳು,
ಶಾಲಿನೊಳಗೆ ಆರು ತಿಂಗಳ ಹೊಟ್ಟೆ.
ಕೀರ್ತನೆಯ ಸಾಲು ಎತ್ತಿಕೊಡುತ್ತಿದ್ದ ಹಿರಿಯ
ಮೂರು ಭಾನುವಾರವೂ ಶ್ರುತಿ ತಪ್ಪಲಿಲ್ಲ.
ಅವನ ಗಲ್ಲದ ಗುಳಿ
ಈಗಲೂ ನಮ್ಮ ಮನೆಯ ಮಕ್ಕಳಲ್ಲಿದೆ.
ನನ್ನಲ್ಲೂ ಇದೆ.

ನಿಯಮದಂತೆ ಮುಕ್ಕಾಲು ಪಾಲು ಒಪ್ಪಬೇಕು.
ಬಿದ್ದ ಚೀಟಿ ಇಪ್ಪತ್ತೆಂಟು, ಬೇಕಾದದ್ದು ಇಪ್ಪತ್ತೊಂದು.
ಬಿಸ್ಕತ್ತಿನ ಡಬ್ಬಿ ಸುರುವಿ ಎಣಿಸಿದೆ.
ಹೌದು, ಇಪ್ಪತ್ತು.
ಇಲ್ಲ, ಏಳು.
ಖಾಲಿ, ಒಂದು.

ಆ ಖಾಲಿ ಚೀಟಿ ನನ್ನದು.
ಮಾರ್ಸಲಿಯ ರಕ್ತ ಹೌದೆನ್ನುತ್ತಿತ್ತು.
ಆ ಇನ್ನೊಬ್ಬನ ರಕ್ತವೂ ನನ್ನಲ್ಲೇ ಇತ್ತಲ್ಲ,
ಅದು ಅಧ್ಯಾಯದ ಸಂಖ್ಯೆ ಸಮೇತ ವಚನ ಒಪ್ಪಿಸುತ್ತಿತ್ತು.
ಪೆನ್ಸಿಲ್ಲು ಕಾಗದದ ಮೇಲೆ ನಿಂತು ನಿಂತು
ಒಂದು ಚುಕ್ಕೆಯಾಯಿತು, ಅಷ್ಟೇ.
'ಅಸಿಂಧು: ಒಂದು' ಎಂದು ದುಂಡಗೆ ಬರೆದೆ.
'ಪ್ರಾರ್ಥನೆಯೊಂದಿಗೆ ಮುಗಿಯಿತು' ಎಂದೂ.
ಪ್ರಾರ್ಥನೆ ಯಾರೂ ಮಾಡಲಿಲ್ಲ. ಕೆಟಲು ಕೂಗಿತು,
ಎಲ್ಲರೂ ಎದ್ದರು.

ಶನಿವಾರ ಫಿನ್ಲೆ ಬಂದ.
ಕೋಣೆಯ ಬಲ್ಬು ಸುಟ್ಟಿತ್ತು, ವರ್ಷಗಳಿಂದ ಅದು ಅವನದೇ ಕೆಲಸ.
ಏಣಿ ತಂದಿರಲಿಲ್ಲ.
ಮುಕ್ಕಾಲಿಯನ್ನೇ ಎಳೆದು ಹತ್ತಿ ನಿಂತ.
ಮೂರು ಕಾಲಿನದು ಅಲ್ಲಾಡುವುದಿಲ್ಲ ಅನ್ನುತ್ತಾರೆ.
ಇದು ವಾಲುತ್ತದೆ.
ಬಗ್ಗಿ ಹಿಡಿದೆ.
ಅವನ ಬೂಟಿನಲ್ಲಿ ಹಸಿ ಮರಳು, ಮೀನಿನ ಹುರುಪೆ.
"ಹಿಡಿದಿದ್ದೀರಾ?" ಮೇಲಿನಿಂದ ಕೇಳಿದ.
ಕತ್ತಲಲ್ಲಿ ಮುಖ ಕಾಣುತ್ತಿರಲಿಲ್ಲ, ಇಬ್ಬರದೂ.
ಚುಕ್ಕೆಯ ಮಾತು ನಾಲಿಗೆಯ ತುದಿಯಲ್ಲಿತ್ತು.
"ಹಿಡಿದಿದ್ದೇನೆ" ಅಂದೆ.
ಅವನು ಬಲ್ಬು ತಿರುಗಿಸತೊಡಗಿದ.