ಪಾಳಿ ಒಪ್ಪಿಸುವಾಗ

ಬಾಗಿಲು ಎಳೆದುಕೊ, ತುಸೆಕಿಲೆ.
ಸರೋವರದ ಗಾಳಿ ರಾತ್ರಿಯಿಡೀ ಕಿಟಕಿ ಬಡಿದಿದೆ,
ಕರೆಂಟು ಎರಡು ಸಲ ಹೋಗಿ ಬಂದಿದೆ.
ನಿನಗೆ ಒಪ್ಪಿಸುವುದು ಏಳು ಕೂಸು.
ನಿನ್ನೆ ನೀನು ಬಿಟ್ಟುಹೋದದ್ದು ಎಂಟು.
ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಎರಡನೆಯ ತೊಟ್ಟಿಲು, ಎಸ್ನಾತಳ ಮಗಳು.
ನಾಲ್ಕು ದಿನ. ಒಂದು ಕಿಲೋ ಎಂಟುನೂರು.
ಹೆಸರಿನ್ನೂ ಇಟ್ಟಿಲ್ಲ.
ಜ್ವರವನ್ನೇ ಹುಡುಕುತ್ತ ಕೂರಬೇಡ;
ರಕ್ತಕ್ಕೆ ನಂಜೇರಿದರೆ ಇಷ್ಟು ಸಣ್ಣ ಮೈ
ಎಷ್ಟೋ ಸಲ ಸುಡುವುದೇ ಇಲ್ಲ, ತಣ್ಣಗಾಗುತ್ತದೆ
ತೊಳೆದು ಬೋರಲಿಟ್ಟ ಚಮಚದ ಹಾಗೆ.
ಅಳುವ ಕೂಸಿಗೆ ಜಗಳಕ್ಕೆ ತ್ರಾಣವಿದೆ, ತುಸು ಕಾಯುತ್ತದೆ.
ಸುಮ್ಮನಿರುವುದರ ಹತ್ತಿರ ಓಡು.

ಸಂಜೆ ಮೊಲೆ ಕಚ್ಚಲಿಲ್ಲ ಇವಳು.
ಕೈಯಲ್ಲಿ ನರ ಸಿಗಲಿಲ್ಲ, ಕಾಲಲ್ಲಿ ಸಿಕ್ಕಿದ್ದು ಒಡೆಯಿತು.
ತಲೆಯ ಒಂದು ಬದಿ ಬೋಳಿಸಿದೆ.
ಅಲ್ಲಿತ್ತು, ನೀಲಿ ದಾರದೆಳೆ.
ಅಜ್ಜಿ ನ್ಯಾಗೊಂಡ್ವೆ ಬಾಗಿಲಲ್ಲೇ ನಿಂತು ಬೈದಳು:
ಮೊದಲ ಕೂದಲು ತೆಗೆಯಬೇಕಾದ್ದು ನನ್ನ ಕೈ,
ನಿನ್ನ ಬ್ಲೇಡಲ್ಲ!
ಬೈದವಳೇ ಬಗ್ಗಿ
ನೆಲಕ್ಕೆ ಬಿದ್ದದ್ದನ್ನೆಲ್ಲ ಒಂದೊಂದೇ ಆರಿಸಿ
ಸೊಂಟದ ಬಟ್ಟೆಯ ತುದಿಗೆ ಗಂಟು ಹಾಕಿಕೊಂಡಳು.
ಒಣಮೀನಿನ ವಾಸನೆ ಆ ಬಟ್ಟೆಗೆ.
ಆಚೆ ಕಳಿಸಬೇಕಿತ್ತು. ಕಳಿಸಲಿಲ್ಲ.

ಜೆಂಟಾಮೈಸಿನ್ ಸೀಸೆಯಲ್ಲಿ ಎಂಬತ್ತು,
ಇವಳಿಗೆ ಬೇಕಾದ್ದು ಐದು ಚಿಲ್ಲರೆ;
ಆನೆಗೆ ಕಟ್ಟಿದ ಬುತ್ತಿಯಲ್ಲಿ
ಇರುವೆಗೆ ತುತ್ತು ತೆಗೆದ ಹಾಗೆ.
ಟಾರ್ಚು ಹಲ್ಲಲ್ಲಿ ಕಚ್ಚಿ ಲೆಕ್ಕ ಮಾಡಿದೆ,
ಮತ್ತೆ ಮಾಡಿದೆ,
ಮೂರನೆಯ ಸಲ ಟಾರ್ಚು ತೆಗೆದಿಟ್ಟು ಗಟ್ಟಿಯಾಗಿ ಮಾಡಿದೆ,
ಯಾರಾದರೂ ತಪ್ಪು ಹಿಡಿಯಲಿ ಎಂದು.
ಪೆನ್ಸಿಲಿನ್ ಹತ್ತು ಗಂಟೆಗೆ. ಮರೆಯಬೇಡ.
ನಸುಕಿನಲ್ಲಿ ಬಟ್ಟಲ ಹಾಲಿಗೆ ನಾಲಿಗೆ ಚಾಚಿದಳು.
ಒಂದೇ ಸಲ. ಬರೆದಿದ್ದೇನೆ.
ಗುಣ ಅಂತ ಬರೆದಿಲ್ಲ.

ಇನ್ನು ಐದನೆಯ ತೊಟ್ಟಿಲು.
ಇಗೋ ಕಾಗದ.
ಮೋಟರ್‌ಬೈಕಿನಲ್ಲಿ ಮ್ಝೂಝುವಿಗೆ ಹೋದ ರಕ್ತ
ಆರನೆಯ ದಿನ ಕಾಗದವಾಗಿ ಬಂದಿದೆ.
ಕ್ರಿಮಿಯ ಹೆಸರು ದುಂಡಗಿನ ಅಕ್ಷರದಲ್ಲಿ.
ಕೆಳಗೆ ಔಷಧಿಗಳು: ಇದು ನಾಟುವುದಿಲ್ಲ,
ಇದು ನಾಟುವುದಿಲ್ಲ, ಇದೂ.
ಒಂದು ನಾಟುತ್ತದಂತೆ.
ನಮ್ಮ ಬೀರುವಿನಲ್ಲಿ ಅದಕ್ಕೆ ಖಾನೆಯೇ ಇಲ್ಲ.
ಬೈಕಿನವನು ಐದೂವರೆಗೆ ಬಂದ.
ಕೂಸು ಎರಡೂ ಇಪ್ಪತ್ತಕ್ಕೆ ಹೋಗಿತ್ತು.
ಅದರ ಅಪ್ಪ ಸೈಕಲ್ಲಿಗೆ ರಟ್ಟಿನ ಪೆಟ್ಟಿಗೆ ಕಟ್ಟಲು
ನನ್ನ ಹತ್ತಿರವೇ ದಾರ ಕೇಳಿದ.
ದಾರ ಇರಲಿಲ್ಲ. ಬ್ಯಾಂಡೇಜು ಕೊಟ್ಟೆ.

ಉಳಿದವರದ್ದೆಲ್ಲ ಚೀಟಿಯಲ್ಲಿದೆ.
ಐದನೆಯದನ್ನು ಕ್ಲೋರಿನ್ನಿನಲ್ಲಿ ಎರಡು ಸಲ ಒರೆಸಿದ್ದೇನೆ,
ನೀನೂ ಒಮ್ಮೆ ಒರೆಸು.
ಕೈ ತೊಳೆ. ಉಂಗುರ ತೆಗೆದು ತೊಳೆ.
ನಿನ್ನ ಮೇಲೆ ಅನುಮಾನವಲ್ಲ, ತಾಯಿ.
ನೀನು ಬರುವಾಗ ನಾನೂ ನಲ್ಲಿಯ ಹತ್ತಿರವೇ ಇದ್ದೆ,
ನೀರು ನಿಲ್ಲಿಸಿ, ಒದ್ದೆ ಕೈ ಎತ್ತಿ ಹಿಡಿದು,
ಎರಡನೆಯ ತೊಟ್ಟಿಲು ಅತ್ತೀತೇ ಎಂದು ಆಲಿಸುತ್ತ.