ಬಾಳಿಕೆ

"ಎಷ್ಟು ದಿನ ಬಾಳಿಕೆ ಬರುತ್ತಮ್ಮಾ?"
ನೈರೋಬಿಯ ನರ್ಸರಿಯ ಮುಗುರೆ ಕೇಳಿದ,
ಚೀಲವನ್ನು ಬಿಸಿಲಿಗೆ ಹಿಡಿದು,
ಮೊಟ್ಟೆಯೊಳಗೆ ಜೀವ ಇದೆಯೋ ಇಲ್ಲವೋ ನೋಡುವವನ ಹಾಗೆ.

ನಾನು ಮೀನು ಮಾರಿದವಳು.
ಇಪ್ಪತ್ತೆರಡು ವರ್ಷ ವಿನಮ್ ಕೊಲ್ಲಿಯ ದಡದಲ್ಲಿ
ಕೊಳೆಯುವುದರ ಜೊತೆ ಜಗಳವಾಡಿ ಹೊಟ್ಟೆ ಹೊರೆದವಳು.
ಒಮೆನಾ ಮೀನಿಗೆ ಒಂದು ಹಗಲು,
ತಿಲಾಪಿಯಾಗೆ ಉಪ್ಪು ಸವರಿದರೆ ಮೂರು,
ಹೊಗೆ ಕೊಟ್ಟರೆ ಇನ್ನಷ್ಟು.
ಕಿವಿರು ಎತ್ತಿ ನೋಡಿ ಗಂಟೆ ಹೇಳಬಲ್ಲೆ.
ನನ್ನ ಕೇಳುತ್ತಾನೆ, ಬಾಳಿಕೆ!

ಆ ವರ್ಷ ಅಂತರಗಂಗೆ ದಡ ಮುಚ್ಚಿತು.
ನೇರಳೆ ಹೂ ಬಿಟ್ಟು, ನೋಡಲು ಚೆಂದ.
ಹನ್ನೊಂದು ವಾರ ಒಂದು ದೋಣಿಯೂ ಹೊರಡಲಿಲ್ಲ.
ಮೈದುನ ಹಲಗೆಯ ಮೇಲೆ ಕೂತು
ಬಲೆಯ ಒಳ್ಳೆಯ ಕಣ್ಣುಗಳನ್ನೇ ಬಿಚ್ಚಿ ಮತ್ತೆ ಹೆಣೆದ.

ರಸಾಯನ ಪಾಠದ ಮೇಷ್ಟ್ರು ಹೆಜ್ರನ್ ಒಕುಂಬೆ ಬಂದು
ದಂಟೊಂದನ್ನು ಮುರಿದು ತೋರಿಸಿದರು:
"ಅರ್ಧ ಗಾಳಿ, ಇನ್ನರ್ಧ ನೀರು.
ಅವೆರಡೂ ಹೋದಮೇಲೆ ಚೂರು ಉಳಿಯುತ್ತಲ್ಲ, ರೋಸ್ಲಿನ್,
ಅದರಲ್ಲಿದೆ ಸೆಲ್ಯುಲೋಸು.
ನೀನು ಸುತ್ತಿಕೊಂಡ ಲೇಸೊ, ನನ್ನ ಹಾಜರಿ ಪುಸ್ತಕ,
ಎರಡೂ ಅದೇ."

ಕೊಯ್ದು, ಒಣಗಿಸಿ, ಕೊಚ್ಚಿ,
ಎಣ್ಣೆ ಡ್ರಮ್ಮಿನಲ್ಲಿ ಕಾಸ್ಟಿಕ್ ಸೋಡಾ ಹಾಕಿ ಕುದಿಸಿದರೆ
ನಾರು ನಾರಿತು.
ಮೀನಿನ ನಾತಕ್ಕೆ ಮೂಗು ಮುಚ್ಚದ ನೆರೆಯವರು
ಬಾಗಿಲು ಹಾಕಿಕೊಂಡರು.
ಕಪ್ಪು ನೀರನ್ನು ಸರೋವರಕ್ಕೆ ಬಿಡಬೇಡ ಅಂದರು ಮೇಷ್ಟ್ರು;
ಅದಕ್ಕೊಂದು ಗುಂಡಿ, ಗುಂಡಿಗೊಂದು ಬೇಲಿ.
ತೊಳೆದು, ತೊಳೆದು, ಬಿಳುಪಿಸಿದ ಮೇಲೆ
ತಳದಲ್ಲಿ ಮಗುವಿಗೆ ಕಲಸಿದ ಗಂಜಿಯಷ್ಟು ಬಿಳಿ ಮುದ್ದೆ.
ಇಡೀ ಗಾಡಿ ಹಸಿರಿಗೆ ಇಷ್ಟೇನಾ?
ಇಷ್ಟೇ, ಅಂದರು, ತಪ್ಪು ಮಾಡಿದವರ ಹಾಗೆ.

ಮರಗೆಣಸಿನ ಹಿಟ್ಟು, ಗ್ಲಿಸರಿನ್ ನಾಲ್ಕು ಚಮಚ,
ಕಿಟಕಿಯ ಗಾಜಿನ ಮೇಲೆ ಹರಡಿ ಆರಿಸಿದ್ದು.
ಮೊದಲ ಮುನ್ನೂರು ಚೀಲ
ಮುಗುರೆಯ ನರ್ಸರಿಯಲ್ಲಿ ಒಂಬತ್ತನೇ ದಿನ ಬಿಚ್ಚಿಕೊಂಡವು.
ಸಸಿಗಳು ಬರಿಗಾಲಲ್ಲಿ ನಿಂತಿದ್ದವಂತೆ.
ದುಡ್ಡು ವಾಪಸು ಕೊಟ್ಟೆ. ಬಸ್ ಚಾರ್ಜೂ ಕೊಟ್ಟೆ.
ಗ್ಲಿಸರಿನ್ ಇಳಿಸಿದರೆ
ಒಣಮೀನಿನ ತೊಗಲಿನ ಹಾಗೆ ಚಟಪಟ ಒಡೆದವು.
ಜೇನುಮೇಣ ಸವರಿದ್ದು ನನ್ನ ಯೋಚನೆ,
ಮೇಷ್ಟ್ರ ಪುಸ್ತಕದಲ್ಲಿ ಇರಲಿಲ್ಲ.

ಮೇಣದ್ದೊಂದನ್ನು ಹಿತ್ತಲಲ್ಲಿ ಹೂತು ಕಡ್ಡಿ ನೆಟ್ಟೆ.
ಅಕ್ಕನ ಮಗ ಒಮೊಲೊ ದಿನಾ ಅಗೆದು ನೋಡುತ್ತಾನೆ:
"ಚಿಕ್ಕಮ್ಮಾ, ಇನ್ನೂ ಸತ್ತಿಲ್ಲ!"
ಬಿಟ್ಟರೆ ತಾನೇ ಸಾಯೋದು?
ಅವನಿಗೆ ತಿಳಿಯದಿರಲೆಂದು ಕಡ್ಡಿ ಕಿತ್ತೆ.
ಜಾಗ ನನಗೂ ಮರೆಯಿತು.

ನಲವತ್ತೊಂದನೇ ದಿನ ಇಬ್ಬರೂ ಅಗೆದೆವು,
ಗೋಡೆಯಿಂದ ಬಾಳೆಬುಡದವರೆಗೆ.
ಸಿಕ್ಕಿದ್ದು ಬ್ರೆಡ್ಡಿನ ಪ್ಲಾಸ್ಟಿಕ್ಕು.
ಮಣ್ಣು ಒರೆಸಿದರೆ ಬೇಕರಿಯ ಹೆಸರು, ಬೆಲೆ,
ಇಂಥ ದಿನದೊಳಗೆ ತಿನ್ನಿ ಅನ್ನುವ ತಾರೀಖು.
ಒಮೊಲೊ ಕೂಡಿಸಿ ಓದಿದ:
ಅವನು ಹುಟ್ಟುವುದಕ್ಕೆ ಆರು ವರ್ಷ ಮುಂಚಿನದು.
ಆ ಬ್ರೆಡ್ಡು ತಿಂದದ್ದು ನಾನೋ, ನನ್ನ ಅತ್ತೆಯೋ.
ಅತ್ತೆ ಈಗ ಇದೇ ಮಣ್ಣಲ್ಲಿ, ಬಾಳೆಯಿಂದಾಚೆ.
ಆ ಹೊದಿಕೆ ಮಾತ್ರ
ಇವತ್ತು ಬೆಳಿಗ್ಗೆ ಬಿಚ್ಚಿದಂತಿತ್ತು.

ನನ್ನದು ಸಿಗಲಿಲ್ಲ.
ಒಂದು ಕಡೆ ಮಣ್ಣು ತುಸು ಮೆತ್ತಗಿತ್ತು, ಎರಡು ಎರೆಹುಳು.
ನೋಟ್‌ಬುಕ್ಕಿನಲ್ಲಿ ಹಾಗೇ ಬರೆದೆ.
ಮೇಷ್ಟ್ರು ಕನ್ನಡಕ ಏರಿಸಿಕೊಂಡು,
"ಕರಗಿತೋ, ಇಟ್ಟ ಜಾಗ ಮರೆತೆಯೋ?"
ಎರಡೂ ಇರಬಹುದು, ಅಂದೆ.
"ಹಾಗಾದರೆ ಇನ್ನೊಂದು ಹೂಳು."

ಹೂತೆ. ಈ ಸಲ ಬೇಲಿ ಹಾಕಿ.

ಮುಗುರೆ ಇನ್ನೂ ಚೀಲ ಹಿಡಿದೇ ನಿಂತಿದ್ದಾನೆ.
ಸಸಿ ಗುಂಡಿಗೆ ಇಳಿಯುವವರೆಗೆ ಬಾಳುತ್ತೆ, ಅಂದೆ,
ಆಮೇಲೆ ಬೇರಿಗೆ ದಾರಿ ಬಿಡುತ್ತೆ.
"ಮಳೆ ಮುಂಚೆ ಬಂದರೆ?"
ಬಂದರೆ ನೀನೂ ಬಾ, ಜಗಳಕ್ಕೆ.
ನಕ್ಕು ಎಣಿಸಿಕೊಂಡ.
ಮುನ್ನೂರಲ್ಲ, ಐವತ್ತು.

ಗಾಳಿ ತಿರುಗಿದೆ. ಕೊಲ್ಲಿಯ ಬಾಯಲ್ಲಿ ಮತ್ತೆ ಹಸಿರು.
ಮೈದುನ ಬೈಯುತ್ತಾ ದೋಣಿ ಮೇಲಕ್ಕೆಳೆಯುತ್ತಿದ್ದಾನೆ.
ನಾನು ಕುಡುಗೋಲು ಹುಡುಕುತ್ತಿದ್ದೇನೆ.